ಬನದ ಕಲ್ಲು

ಮೊನ್ನೆ ಬೈರಿದೇವರಕೊಪ್ಪದ ನಮ್ಮ ಓಣಿಗೆ ಒಂದು ಲಾರಿ ಬಂದು ಪಕ್ಕದ ಮನೆಯ ಮುಂದೆ ಕೆಂಪು ಚಿರೇಕಲ್ಲು ಇಳಿಸಿತು. ಪಕ್ಕದವರು ಕಂಪೌಂಡು ಕಟ್ಟಿಸುತ್ತಿದ್ದಾರೆ. ಹುಬ್ಬಳ್ಳಿಯಲ್ಲಿ ಈಗ ಇದೊಂದು ಶೋಕಿ. ಸಿಮೆಂಟಿನ ಇಟ್ಟಿಗೆ ಸಾಕಾಗುವ ಕಡೆ ಘಟ್ಟ ಹತ್ತಿಸಿ ಕರಾವಳಿಯ ಕಲ್ಲು ತರಿಸುತ್ತಾರೆ, ಅದಕ್ಕೆ ವಾರ್ನಿಷ್ ಹೊಡೆಸಿ ಬಂದವರಿಗೆಲ್ಲ ತೋರಿಸುತ್ತಾರೆ. ಗೌಂಡಿ ಕಲ್ಲಿನ ರಾಶಿಯ ಮೇಲೆ ಪೈಪು ಹಿಡಿದು ನೀರು ಬಿಟ್ಟ. ಬಿಸಿಲಿಗೆ ಕಾದ ಕಲ್ಲು ನೀರು ಕುಡಿದು ವಾಸನೆ ಬಿಟ್ಟಿತು. ಹಸಿ ಮಣ್ಣಿನ ವಾಸನೆ, ಅದರ ಜೊತೆ ತುಕ್ಕು ಹಿಡಿದ ಕಬ್ಬಿಣದ್ದು. ಚಹಾದ ಕಪ್ಪು ಹಿಡಿದು ಗೇಟಿನಲ್ಲಿ ನಿಂತಿದ್ದ ನಾನು ಉಳಿದ ಚಹಾವನ್ನು ಗಿಡದ ಬುಡಕ್ಕೆ ಚೆಲ್ಲಿದೆ. ಹೆಂಡತಿ ನೋಡಿ, "ಯಾಕ್ರೀ, ಆರಾಮ ಇಲ್ಲೇನು?" ಅಂದಳು. ಏನಿಲ್ಲ ಅಂದೆ.

ಆ ಕಲ್ಲು ಯಾವ ಊರಿನದೋ ನನಗೆ ಗೊತ್ತಿಲ್ಲ. ಕರಾವಳಿಯಲ್ಲಿ ಚಿರೇಕಲ್ಲು ಕೊರೆಯುವ ಕುಣಿಗಳು ಬೇಕಾದಷ್ಟಿವೆ. ಅವುಗಳಲ್ಲಿ ಒಂದಕ್ಕೆ ಮಾತ್ರ ದಾರಿ ಮಾಡಿಕೊಟ್ಟವನು ನಾನು. ಅಲ್ಲಿ ಮೊದಲು ಒಂದು ಬನವಿತ್ತು, ಬನದೊಳಗೆ ವರ್ಷವಿಡೀ ಹರಿಯುವ ಒಂದು ಒರತೆಯಿತ್ತು. ಈಗ ಎರಡೂ ಇಲ್ಲ. ಆ ಊರಿನ ಹೆಸರು ಬರೆಯುವುದಿಲ್ಲ, ಬರೆಯುವ ಮುಖ ನನಗಿಲ್ಲ. ಹೊನ್ನಾವರದಿಂದ ಬಸ್ಸಿನಲ್ಲಿ ಮುಕ್ಕಾಲು ತಾಸು ಎಂದರೆ ಸಾಕು.

ನಾನು ಶಾಸನ ಓದುವುದನ್ನು ಕಲಿತವನು. ಗೋಪನಕೊಪ್ಪದಲ್ಲಿ ಹುಟ್ಟಿ ಬೆಳೆದೆ. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಮಗ ಹಳೆಗನ್ನಡ ಲಿಪಿ ಕಲಿಯುತ್ತಾನೆ ಎಂದಾಗ ಅಪ್ಪ, "ಅದರಾಗ ನೌಕರಿ ಐತೇನಪಾ?" ಎಂದು ಒಂದೇ ಮಾತು ಕೇಳಿದ್ದ. ಇರಲಿಲ್ಲ. ಎಂ.ಎ. ಮುಗಿಸಿ ಆರು ವರ್ಷ ಅಲ್ಲಿ ಇಲ್ಲಿ ಅತಿಥಿ ಉಪನ್ಯಾಸಕನಾಗಿ ಅಲೆದ ಮೇಲೆ ಧಾರವಾಡದ ಒಂದು ಕಚೇರಿಯಲ್ಲಿ ಗುತ್ತಿಗೆಯ ಕೆಲಸ ಸಿಕ್ಕಿತು. ಹೊನ್ನಾವರದ ಸುತ್ತಲಿನ ಹಳೆಯ ತಾಣಗಳನ್ನೂ ಪ್ರಕೃತಿಯ ತಾಣಗಳನ್ನೂ ನೋಡಿ ಪಟ್ಟಿ ಮಾಡಬೇಕು. ಪಟ್ಟಿಗೆ ಸೇರಿದ ಜಾಗವನ್ನು ಯಾರೂ ಮುಟ್ಟುವಂತಿಲ್ಲ. ಕೆಲಸ ಚೆನ್ನಾಗಿ ಮಾಡಿದರೆ ಕಾಯಂ ಮಾಡುವ ಮಾತಿತ್ತು. ಆಗ ನನಗೆ ಮೂವತ್ತೈದು, ಮದುವೆ ಗೊತ್ತಾಗಿತ್ತು, ಬೀಗರು ನೌಕರಿಯ ಬಗ್ಗೆ ಎರಡು ಸಲ ಕೇಳಿದ್ದರು.

ನನ್ನ ಜೊತೆ ಬಂದವರು ಮೌಲಾ ಕಾಕಾ. ಶಾಸನದ ಅಚ್ಚು ತೆಗೆಯುವುದರಲ್ಲಿ ಅವರನ್ನು ಸರಿಗಟ್ಟುವವರು ನಮ್ಮ ಕಡೆ ಯಾರೂ ಇರಲಿಲ್ಲ. ಅಚ್ಚು ತೆಗೆಯುವುದೆಂದರೆ ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ಕಾಗದ ಅಕ್ಷರದ ಗೆರೆಯೊಳಗೆ ಇಳಿಯುವ ತನಕ ಬಡಿಯುವುದು. ಅರೆ ಒಣಗಿದಾಗ ಮಸಿಯಲ್ಲಿ ಅದ್ದಿದ ಬಟ್ಟೆಯ ಉಂಡೆಯಿಂದ ಮೆಲ್ಲಗೆ ತಟ್ಟಿದರೆ ಕಪ್ಪು ನೆಲದ ಮೇಲೆ ಬಿಳಿ ಅಕ್ಷರ ಏಳುತ್ತದೆ. ಕಾಕಾಗೆ ಓದಲು ಬರುತ್ತಿರಲಿಲ್ಲ. ಹಳೆಯ ಲಿಪಿ ಬಿಡಿ, ಬಸ್ಸಿನ ಬೋರ್ಡು ಓದಲೂ ಬರುತ್ತಿರಲಿಲ್ಲ. ಆದರೆ ಬೆರಳು ಆಡಿಸಿ, "ಇಲ್ಲೊಂದು ಅಕ್ಷರ ಮುರದೈತ್ರಿ ಸರ" ಎಂದರೆ ಅಲ್ಲಿ ಮುರಿದಿರುತ್ತಿತ್ತು. ಕೆಲಸ ಸುರು ಮಾಡುವ ಮೊದಲು ಬೆರಳ ಗೆಣ್ಣಿನಿಂದ ಕಲ್ಲನ್ನು ಮೂರು ಕಡೆ ಬಡಿದು ಕಿವಿ ಕೊಡುತ್ತಿದ್ದರು. ಸದ್ದು ಹಿಡಿಸಿದರೆ ಮಾತ್ರ ಮುಂದಿನ ಕೆಲಸ.

ಮಳೆ ನಿಂತ ಮೇಲೆ ಹೋದೆವು, ಮತ್ತೆ ಮಳೆ ಹಿಡಿಯುವ ಮುಂಚೆ ಮುಗಿಸಬೇಕಿತ್ತು. ಹೊನ್ನಾವರದಲ್ಲಿ ಬಂದರದ ದಾರಿಯಲ್ಲಿ ಎರಡು ಕೋಣೆ ಹಿಡಿದಿದ್ದೆವು. ಮೊದಲ ತಿಂಗಳುಗಳು ನಿಜವಾಗಿಯೂ ಚೆನ್ನಾಗಿದ್ದವು, ಅದನ್ನು ಹೇಳದಿದ್ದರೆ ಸುಳ್ಳಾಗುತ್ತದೆ. ಶರಾವತಿಯಲ್ಲಿ ದೋಣಿ ಹತ್ತಿ ಗೇರುಸೊಪ್ಪೆಯ ಕಡೆ ಹೋದೆವು. ಕಾಡು ನುಂಗಿದ ಬಸದಿಯಲ್ಲಿ ನಾಲ್ಕು ಬಾಗಿಲಿಗೂ ಮುಖ ಮಾಡಿ ಕುಳಿತ ಮೂರ್ತಿಗಳ ಮುಂದೆ ಬುತ್ತಿ ಬಿಚ್ಚಿದೆವು. ಮಿರ್ಜಾನದ ಕೋಟೆಯ ಗೋಡೆಯಲ್ಲಿ ಬೇರು ಬಿಟ್ಟ ಆಲಗಳನ್ನು ಬರೆದುಕೊಂಡೆವು. ಅಪ್ಸರಕೊಂಡದ ಜಲಪಾತದ ಕೆಳಗೆ ಗವಿಗಳ ಅಳತೆ ಹಿಡಿಯುವಾಗ ನಾನು ಪಾಚಿಯ ಮೇಲೆ ಜಾರಿ ಸೊಂಟದ ತನಕ ನೀರಿಗೆ ಬಿದ್ದೆ. ಕಾಕಾ ಕೈ ಕೊಡುವುದು ಬಿಟ್ಟು, "ಟೇಪು ಮ್ಯಾಲ ಹಿಡೀರಿ ಸರ, ಸರಕಾರದ್ದು" ಅಂದರು.

ಊಟದ ವಿಷಯದಲ್ಲಿ ನಮ್ಮದು ಉಲ್ಟಾ. ಕಾಕಾ ಮೂರೇ ದಿನದಲ್ಲಿ ಕುಚ್ಚಲಕ್ಕಿ ಅನ್ನಕ್ಕೂ ಮೀನಸಾರಿಗೂ ಒಗ್ಗಿಕೊಂಡರು. ನಾನು ಹುಬ್ಬಳ್ಳಿಯಿಂದ ತಂದ ಕಟಕ ರೊಟ್ಟಿಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ಕೂತೆ. ಆ ಗಾಳಿಯಲ್ಲಿ ಅದು ಒಂದೇ ವಾರದಲ್ಲಿ ಮೆತ್ತಗಾಯಿತು. "ಈ ಹವಾ ಎಲ್ಲಾನೂ ಒಳಗಿಂದ ತಿಂತೈತ್ರಿ" ಎಂದು ಕಾಕಾ ನಕ್ಕರು. ರೊಟ್ಟಿಯಷ್ಟೇ ಅಲ್ಲ, ಕೋಣೆಯ ಬೀಗ, ನನ್ನ ಬೆಲ್ಟಿನ ಬಕ್ಕಲ್ಲು, ಕಲ್ಲು ಎಲ್ಲವೂ. ನಮ್ಮ ಧಾರವಾಡದ ಕಡೆಯ ಶಾಸನದ ಕಲ್ಲಿಗೆ ಬಕೆಟ್ಟುಗಟ್ಟಲೆ ನೀರು ಹೊಡೆದು ಬಡಿದರೂ ಏನೂ ಆಗುವುದಿಲ್ಲ. ನನ್ನ ಕಲಿಕೆಯೆಲ್ಲ ಆ ಕಲ್ಲುಗಳ ಮೇಲೆ ನಡೆದದ್ದು.

ಬನದ ಸುದ್ದಿ ತಂದವಳು ಮಾದೇವಿಯಕ್ಕ. ಐವತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡಿದ್ದ. ನಾವು ಪಟ್ಟಿ ಮಾಡುತ್ತಿದ್ದೇವೆಂದು ಯಾರೋ ಹೇಳಿದ್ದನ್ನು ಕೇಳಿ ಬಸ್ಸು ಹತ್ತಿ ನಮ್ಮ ಕೋಣೆಯನ್ನೇ ಹುಡುಕಿಕೊಂಡು ಬಂದಿದ್ದಳು. ಅವರ ಮನೆಯ ಹಿಂದಿನ ಬನವನ್ನು ಯಾರೋ ಚಿರೇಕಲ್ಲಿನ ಗಣಿಗೆ ಕೇಳಿದ್ದಾರಂತೆ. ಕಾಗದದಲ್ಲಿ ಅದು ಖಾಲಿ ಗುಡ್ಡವಂತೆ. "ಖಾಲಿ ಹೇಳಿ ಬರ್ದಾರೆ ಸರ್. ನಾವು ಕುಡಿಯೂ ನೀರು ಅಲ್ಲಿಂದೇ ಬರೂದು. ನಮ್ಮ ಕೇರಿ ಪೂರ್ತಿಗೆ ಅದೇ ನೀರು. ಅಲ್ಲಿ ಕಲ್ಲಲ್ಲಿ ಬರ್ದದ್ದಿದೆ, ನೀವು ಒಂದ್ಸಲ ನೋಡಿ."

ಹೋದೆವು. ಹೊರಗೆ ಬಿಸಿಲು ಸುಡುತ್ತಿತ್ತು, ಬನದೊಳಗೆ ಕಾಲಿಟ್ಟರೆ ಕತ್ತಲೆ, ತಂಪು. ಇಬ್ಬರು ತೆಕ್ಕೆ ಹಾಯ್ದರೂ ಸಿಗದ ಮರಗಳು, ನೆಲದ ಮೇಲೆ ಎದ್ದು ಮತ್ತೆ ನೆಲಕ್ಕೇ ಇಳಿದ ಬೇರುಗಳು, ಅವುಗಳ ನಡುವೆ ಸದ್ದಿಲ್ಲದೆ ಹರಿಯುವ ನೀರು. ನೀರಿನ ಪಕ್ಕದಲ್ಲಿ ಎದೆಮಟ್ಟದ ಒಂದು ಚಪ್ಪಡಿ. ಎಷ್ಟೋ ತಲೆಮಾರು ಎಣ್ಣೆ ಹಚ್ಚಿ, ದೀಪದ ಹೊಗೆ ಕುಡಿದು ಕರ್ರಗೆ ಜಿಡ್ಡುಗಟ್ಟಿತ್ತು. ನಾನು ಫೋಟೋ ತೆಗೆದೆ. ಫೋಟೋದಲ್ಲಿ ಕರಿ ಕಲ್ಲು, ಕುಂಕುಮ, ಮತ್ತೇನೂ ಇಲ್ಲ. ಮಾದೇವಿಯಕ್ಕ ಕಲ್ಲಿನ ಮೇಲೆ ಕೈಯಿಟ್ಟು ಮೇಲಿಂದ ಕೆಳಗೆ ಎಳೆದಳು. "ಎಣ್ಣೆ ಹಚ್ಚುವಾಗ ಬೆರಳಿಗೆ ಸಿಗ್ತದೆ ಸರ್. ನಮ್ಗೆ ಓದೂಕೆ ಬರೂದಿಲ್ಲ. ಆದ್ರೆ ಸಿಗ್ತದೆ."

ಕಾಕಾ ಕೂಡ ಬೆರಳಾಡಿಸಿದರು, ನನ್ನ ಕಡೆ ನೋಡಿ ಗೋಣು ಹಾಕಿದರು. ಅಕ್ಷರ ಇತ್ತು.

ಕಲ್ಲಿನಲ್ಲಿ ಬರಹವಿದೆ ಎಂದು ಊರಿನವರು ಹೇಳುತ್ತಾರೆ ಅಂತ ಕಚೇರಿಗೆ ಬರೆದೆ. ಬೇಸಿಗೆ ಮುಗಿಯುವ ಹೊತ್ತಿಗೆ ಉತ್ತರ ಬಂತು. ಬರುವ ಸೋಮವಾರ ಅಧಿಕಾರಿಗಳು ಸ್ಥಳ ನೋಡಲು ಬರುತ್ತಾರೆ. ಅಷ್ಟರಲ್ಲಿ ಶಾಸನದ ಅಚ್ಚು ಮತ್ತು ಓದು ಸಿದ್ಧವಿರಬೇಕು, ಬನದ ತೀರ್ಮಾನ ಅವತ್ತೇ. ಶುಕ್ರವಾರ ಸಾಮಾನು ಹೊತ್ತುಕೊಂಡು ಹೋದೆವು. ಮಾದೇವಿಯಕ್ಕ ಹೊರಡುವ ಅವಸರದಲ್ಲಿದ್ದಳು. ಕುಮಟೆಯ ಆಸ್ಪತ್ರೆಯಲ್ಲಿ ಮಗಳಿಗೆ ಹೆರಿಗೆಯ ನೋವು ಸುರುವಾಗಿತ್ತು. ಆ ಕಲ್ಲನ್ನು ಅವರ ಮನೆಯವರಲ್ಲದೆ ಬೇರೆಯವರು ತೊಳೆಯುವ ಪದ್ಧತಿ ಇರಲಿಲ್ಲ. ಅವಳು ಅವಸರದಲ್ಲೇ ಒಂದು ಚೊಂಬು ನೀರು ತಂದು ಕಲ್ಲಿನ ಮೇಲೆ ಹೊಯ್ದು, ಖಾಲಿ ಚೊಂಬನ್ನು ನನ್ನ ಕೈಗೆ ಕೊಟ್ಟಳು. "ಇನ್ನು ನೀವೇ ಮನೆಯವ್ರು. ನಾ ಬರೂದ್ರೊಳಗೆ ಮಾಡ್ಕಣಿ" ಎಂದು ರಸ್ತೆಗೆ ಓಡಿದಳು.

ಜಿಡ್ಡು ತೆಗೆಯಲು ಅರ್ಧ ದಿನ ಹಿಡಿಯಿತು. ಸಾಬೂನಿನ ನೀರು, ತೆಂಗಿನ ನಾರು, ಮತ್ತೆ ಬಿಸಿನೀರು. ಮಧ್ಯಾಹ್ನದ ಹೊತ್ತಿಗೆ ಅಕ್ಷರ ಕಂಡವು. ನಾನು ಮೊಣಕಾಲೂರಿ ಎರಡೂವರೆ ಸಾಲು ಓದಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬನವನ್ನೂ ಅದರ ನೀರನ್ನೂ ದೇವಿಗೆ ಬಿಟ್ಟದ್ದು, ಅಲ್ಲಿ ಕೊಡಲಿ ಹಾಕಬಾರದೆಂದು. ಸ್ಪಷ್ಟವಾಗಿತ್ತು. ಬನದ ಮಬ್ಬಿನಲ್ಲಿ ಓದಲು ದಕ್ಕದ ಕೆಳಗಿನ ಸಾಲುಗಳಲ್ಲಿ ಕೊಟ್ಟವನ ಹೆಸರಿರಬೇಕು, ಕಾಲವಿರಬೇಕು. ಅಕ್ಷರದ ಬಗೆ ನೋಡಿದರೆ ಆ ಸುತ್ತಿನಲ್ಲಿ ಸಿಕ್ಕ ಎಲ್ಲ ಶಾಸನಗಳಿಗಿಂತ ಹಳೆಯದು. ಬರೆದುಕೊಂಡದ್ದನ್ನು ಮತ್ತೆ ಮತ್ತೆ ಓದಿದೆ. ಬನದ ಸಲುವಾಗಿ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ನಾನು ಆಗ ಯೋಚಿಸುತ್ತಿದ್ದದ್ದು ಇದನ್ನು ಮೊದಲು ಓದಿದವನ ಹೆಸರು ಎಲ್ಲೆಲ್ಲಿ ಅಚ್ಚಾಗುತ್ತದೆ ಎಂಬುದನ್ನು.

ಕಾಕಾ ಗೆಣ್ಣಿನಿಂದ ಮೂರು ಕಡೆ ಬಡಿದರು. ಮತ್ತೆ ಬಡಿದರು. ಕಿವಿಯನ್ನು ಕಲ್ಲಿಗೇ ಹಚ್ಚಿದರು.

"ಬ್ಯಾಡ್ರಿ ಸರ. ಇದು ಒಳಗ ಪೊಳ್ಳ ಐತಿ. ಜಿಡ್ಡ ಇತ್ತಲ್ರಿ, ಅದ ಇದನ್ನ ಹಿಡಕೊಂಡಿತ್ತು. ಈಗ ನೀರ ಕುಡದೈತಿ. ನಾಕ ದಿನ ಒಣಗಲಿ."

"ನಾಕ ದಿನ ಎಲ್ಲೈತಿ ಕಾಕಾ? ಸೋಮವಾರ ಬರತಾರ."

"ಹಂಗಾರ ಅಚ್ಚು ಬಿಡ್ರಿ. ಸಂಜೀಗೆ ಓರೆ ಬಿಸಿಲ ಬೀಳತೈತಿ, ಗೆರಿ ಎದ್ದ ಕಾಣತಾವ. ಅದರಾಗ ನೀವು ಓದಿ ಬರಕೋರಿ, ನಾ ಕನ್ನಡಿ ಹಿಡೀತೇನಿ, ಫೋಟೋ ಹೊಡೀರಿ."

ಅಷ್ಟು ಮಾಡಿದ್ದರೆ ಆಗುತ್ತಿತ್ತು. ಸಂಜೆಯ ತನಕ ಕಾಯಬೇಕಿತ್ತು, ಅಷ್ಟೇ. ಆದರೆ ಪಶ್ಚಿಮದಲ್ಲಿ ಮೋಡ ಏಳುತ್ತಿತ್ತು. ಮಳೆಗಾಲದ ಮೊದಲ ಮೋಡ. ಓರೆ ಬಿಸಿಲು ಬೀಳದಿದ್ದರೆ? ಅಚ್ಚಿಲ್ಲದ ಓದನ್ನು ಕಚೇರಿ ಒಪ್ಪದಿದ್ದರೆ? ನಾನು ಹೀಗೆಲ್ಲ ವಾದಿಸಿದೆ. ಕಾಕಾ ಬ್ರಷ್ಷನ್ನು ತೊಡೆಯ ಮೇಲಿಟ್ಟುಕೊಂಡು ಕೂತೇಬಿಟ್ಟರು. ಸಿಟ್ಟು ನೆತ್ತಿಗೇರಿತು. ಬಸ್ಸಿನ ಬೋರ್ಡು ಓದಲು ಬಾರದವರು ನನಗೆ ಶಾಸನದ ಪಾಠ ಹೇಳುವುದೇ, ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಲ್ಲಿ ಅನ್ನಲಿಲ್ಲ, ಆದರೆ ಮುಖದಲ್ಲಿ ಕಂಡಿರಬೇಕು. ಅವರ ತೊಡೆಯ ಮೇಲಿನ ಬ್ರಷ್ಷನ್ನು ನಾನೇ ತೆಗೆದುಕೊಂಡೆ.

ಕಾಗದ ಹಾಸಿದೆ. ತಿಂಗಳುಗಟ್ಟಲೆ ಅವರನ್ನು ನೋಡಿದ್ದೆನಲ್ಲ, ಹಾಗೆಯೇ ಬಡಿದೆ. ನಮ್ಮ ಕಡೆಯ ಕಲ್ಲನ್ನು ಬಡಿಯುವ ಹಾಗೆ. ಮೊದಲು ಏನೂ ಗೊತ್ತಾಗಲಿಲ್ಲ. ಆಮೇಲೆ ಸದ್ದು ಮಂದವಾಯಿತು, ಕಾಗದದ ಕೆಳಗೆ ಏನೋ ಸರಿದಂತಾಯಿತು. "ಸಾಕ್ರಿ" ಎಂದು ಕಾಕಾ ಎದ್ದು ನಿಂತರು. ನಾನು ನಿಲ್ಲಿಸಿ ಕಾಗದದ ಅಂಚು ಎತ್ತಿ ನೋಡಿದೆ. ಕಲ್ಲಿನ ಮೈಯ ಒಂದು ಪದರ ಕಾಗದಕ್ಕೆ ಅಂಟಿಕೊಂಡು ಬಂತು, ಅರ್ಧ ಬೆರಳಿನ ದಪ್ಪ. ಕೈಯಲ್ಲಿ ಹಿಡಿದಿದ್ದಂತೆಯೇ ಅದು ಪುಡಿಯಾಗಿ ಒರತೆಯ ನೀರಿಗೆ ಉದುರಿತು. ಒದ್ದೆ ಕಾಗದ ಎರಡಾಗಿ ಹರಿಯಿತು. ಉಳಿದ ಪದರ ತಾನಾಗಿಯೇ ಕೆಳಗಿನ ತನಕ ಜಾರಿತು. ಕಲ್ಲಿನಲ್ಲಿ ಒಂದು ಅಕ್ಷರವೂ ಉಳಿಯಲಿಲ್ಲ. ಒಳಗಿನ ಕಲ್ಲು ತಿಳಿ ಬೂದಿ ಬಣ್ಣದ್ದಾಗಿತ್ತು.

ನೀರಿನಲ್ಲಿ ಪುಡಿ ಕದಡಿ, ಸ್ವಲ್ಪ ದೂರ ಬೆಳ್ಳಗೆ ಹರಿದು, ಮತ್ತೆ ತಿಳಿಯಾಯಿತು.

ಕಾಕಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅಂದು ಹಗುರಾಗುತ್ತಿದ್ದೆ. ಬುಟ್ಟಿಯಲ್ಲಿ ಸಾಮಾನು ತುಂಬುತ್ತ ತಗ್ಗಿದ ದನಿಯಲ್ಲಿ ಹೇಳಿದರು. "ನನ್ನ ಹೆಸರ ಬರೀರಿ ಸರ. ಮೌಲಾಸಾಬನ ಕೈಯಾಗ ಕಲ್ಲ ಒಡೀತು ಅಂತ ಬರೀರಿ. ನನಗ ಇನ್ನ ಏನ ಆಗೂದೈತಿ, ಮನೀಗೆ ಕಳಸ್ತಾರ. ಆದ್ರ ಅಕ್ಷರ ಇತ್ತು ಅಂತ ಬರೀರಿ. ನೀವು ಎರಡೂವರಿ ಸಾಲ ಓದೀರಿ. ಅದನ್ನ ಬರೀರಿ."

ಇಷ್ಟು ವರ್ಷಗಳಲ್ಲಿ ಈ ಮಾತನ್ನು ನಾನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ. ಒಬ್ಬ ಮನುಷ್ಯ ನಲವತ್ತು ವರ್ಷ ಕಾಪಾಡಿಕೊಂಡ ಕೈಯ ಹೆಸರನ್ನು ಬನಕ್ಕಾಗಿ, ನನಗಾಗಿ ಬಿಟ್ಟುಕೊಡಲು ಸಿದ್ಧನಿದ್ದ. ನಾನು ಅದನ್ನೂ ತೆಗೆದುಕೊಳ್ಳಲಿಲ್ಲ. ಒಳ್ಳೆಯತನದಿಂದ ಅಲ್ಲ. ಕಲ್ಲು ಯಾರ ಕೈಯಲ್ಲಿ ಒಡೆದರೂ ಜವಾಬ್ದಾರಿ ನನ್ನದೇ ಎಂದು ನನ್ನ ಗುತ್ತಿಗೆಯ ಕಾಗದದಲ್ಲಿತ್ತು. ವಿಚಾರಣೆ ನಡೆಯುತ್ತದೆ, ಕಾಯಂ ಆಗುವ ಮಾತು ಅಲ್ಲಿಗೇ ಮುಗಿಯುತ್ತದೆ. ಅಕ್ಷರ ಇತ್ತು ಎಂದು ಬರೆದರೆ ಎಲ್ಲಿ ಹೋಯಿತು ಎಂಬ ಪ್ರಶ್ನೆ ಬರುತ್ತದೆ. ಇರಲೇ ಇಲ್ಲ ಎಂದರೆ ಯಾವ ಪ್ರಶ್ನೆಯೂ ಇಲ್ಲ.

ಆದರೆ ಆ ಬೂದಿ ಬಣ್ಣ ಯಾರ ಕಣ್ಣಿಗಾದರೂ ಬೀಳುತ್ತಿತ್ತು. ನಾನು ಕಾಕಾರ ಮಸಿಯ ಡಬ್ಬಿ ತೆರೆದೆ. ಮಸಿಗೆ ಮಾದೇವಿಯಕ್ಕ ದೀಪಕ್ಕಿಟ್ಟಿದ್ದ ಎಣ್ಣೆ ಬೆರೆಸಿ, ಅಚ್ಚು ತೆಗೆಯುವ ಬಟ್ಟೆಯ ಉಂಡೆಯಿಂದಲೇ ಕಲ್ಲಿಗೆ ಬಳಿದೆ. ಮೇಲಿಂದ ಕೆಳಗೆ, ಒಂದು ಚೂರೂ ಬಿಡದಂತೆ. ಕುಂಕುಮವನ್ನೂ ಇಟ್ಟೆ. ದೂರ ನಿಂತು ನೋಡಿದರೆ ಮೊದಲಿನಂತೆಯೇ ಇತ್ತು. ಆ ಕೆಲಸವನ್ನು ನಾನು ಬಹಳ ಚೆನ್ನಾಗಿ ಮಾಡಿದೆ.

ಕಾಕಾ ನೋಡಿದರು. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತರು. ಮರುದಿನ ಬೆಳಿಗ್ಗೆ ಹುಬ್ಬಳ್ಳಿಯ ಬಸ್ಸು ಹಿಡಿಯುವ ಮುನ್ನ ನನ್ನ ಕೋಣೆಯ ಬಾಗಿಲಲ್ಲಿ ನಿಂತರು. "ನಾ ಸೋಮವಾರ ಇರೂದಿಲ್ರಿ. ಇದ್ರ ಕೇಳತಾರ. ಕೇಳಿದ್ರ ನನಗ ಸುಳ್ಳ ಹೇಳಾಕ ಆಗೂದಿಲ್ಲ." ಮಸಿಯ ಡಬ್ಬಿಯನ್ನು ಅವರು ಒಯ್ಯಲಿಲ್ಲ. ಆಮೇಲೆ ಅವರು ನನ್ನ ಜೊತೆ ಯಾವ ಊರಿಗೂ ಬರಲಿಲ್ಲ. ಹಳೇ ಹುಬ್ಬಳ್ಳಿಯ ಪೇಟೆಯಲ್ಲಿ ಎರಡು ಮೂರು ಸಲ ಎದುರಾದರು, "ಆರಾಮ ಅದೀರೇನ್ರಿ ಸರ" ಎಂದು ಕೇಳಿ ಹೋದರು. ಮೂರು ವರ್ಷದ ಹಿಂದೆ ತೀರಿಕೊಂಡರು. ಮಣ್ಣಿಗೆ ನಾನು ಹೋಗಲಿಲ್ಲ.

ಭಾನುವಾರವಿಡೀ ಮಳೆ ಹೊಯ್ಯಿತು. ಕೋಣೆಯಲ್ಲಿ ಕುಳಿತು ವರದಿ ಬರೆದೆ. ನಮ್ಮ ಕೆಲಸದಲ್ಲಿ ಇಂಥದ್ದಕ್ಕೆಲ್ಲ ಸಿದ್ಧ ಮಾತುಗಳಿವೆ. ಗಾಳಿ ನೀರಿಗೆ ಕಲ್ಲು ಪೂರ್ತಿ ಸವೆದಿದೆ, ಬರಹದ ಗುರುತು ಕಂಡುಬರುವುದಿಲ್ಲ, ಇತ್ಯಾದಿ. ಒಂದೇ ಸಲಕ್ಕೆ ಬರೆದು ಮುಗಿಸಿದೆ, ಒಂದು ಮಾತನ್ನೂ ತಿದ್ದಲಿಲ್ಲ. ನೋಟ್‌ಬುಕ್ಕಿನ ಆ ಹಾಳೆಯನ್ನು ಹರಿದು ಹಾಕಿದೆ.

ಸೋಮವಾರ ಎರಡು ಜೀಪುಗಳಲ್ಲಿ ಬಂದರು. ಬನದ ಬಾಯಲ್ಲಿ ಊರಿನವರು ಕೊಡೆ ಹಿಡಿದು ನಿಂತಿದ್ದರು. ಮಾದೇವಿಯಕ್ಕ ಆಸ್ಪತ್ರೆಯಿಂದ ನೇರವಾಗಿ ಬಂದಿದ್ದಳು, ಸೆರಗು ತೊಯ್ದಿತ್ತು. ನನ್ನನ್ನು ಕಂಡವಳೇ, "ಗಂಡು ಮಗು ಸರ್" ಎಂದು ನಕ್ಕಳು. ಅಚ್ಚು ಹೇಗೆ ಬಂತು ಎಂದು ಕೇಳುವುದಕ್ಕೂ ಅವಳಿಗೆ ಪುರಸೊತ್ತಾಗಲಿಲ್ಲ. ಹಿರಿಯ ಅಧಿಕಾರಿ ನನ್ನ ವರದಿಯನ್ನು ಅಲ್ಲಿಯೇ ನಿಂತು ಓದಿದರು. ಆಮೇಲೆ ಕಲ್ಲಿನ ಕಡೆ ತಿರುಗಿ, "ಇದರಲ್ಲಿ ಬರಹ ಇದೆ ಎಂದವರು ಯಾರು?" ಎಂದು ಕೇಳಿದರು.

"ನಾನೇ ಸರ್" ಎಂದು ಮಾದೇವಿಯಕ್ಕ ಮುಂದೆ ಬಂದಳು. "ಬೆರಳಿಗೆ ಸಿಗ್ತದೆ, ನೋಡಿ." ಕಲ್ಲಿನ ಮೇಲೆ ಕೈಯಿಟ್ಟು ಮೇಲಿಂದ ಕೆಳಗೆ ಎಳೆದಳು. ಮತ್ತೆ ಎಳೆದಳು. ಕೈ ಬದಲಿಸಿ, ಎಡಗೈಯಿಂದ ನೋಡಿದಳು. ಬೆರಳಿಗೆಲ್ಲ ಕಪ್ಪು ಮೆತ್ತಿಕೊಂಡಿತ್ತು. ಅವಳು ಆ ಕಪ್ಪನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಆ ನೋಟದಲ್ಲಿ ಸಂಶಯವಿರಲಿಲ್ಲ. ಸಹಾಯ ಕೇಳುವವರ ನೋಟ.

"ಅದು ಕಲ್ಲಿನ ಒರಟು ಇತ್ತು ಅಕ್ಕಾ" ಅಂದೆ. "ಅಕ್ಷರ ಅಲ್ಲ. ನಾವು ತೊಳೆದ ಮ್ಯಾಲೆ ಹೋತು."

ಗುಂಪಿನಲ್ಲಿ ಯಾರೋ ಏನೋ ಗೊಣಗಿದರು. ಮಾದೇವಿಯಕ್ಕ ಅವರ ಕಡೆ ತಿರುಗಿ ಕೈಯೆತ್ತಿ ಸುಮ್ಮನಿರಿಸಿದಳು. "ಸರ್ ಓದ್ದವ್ರು. ನಮ್ಗೆ ಎಂತ ಗೊತ್ತಾಗ್ತದೆ" ಅಂದಳು. ಅಧಿಕಾರಿ ಬನವನ್ನು ಪಟ್ಟಿಯಿಂದ ಕೈಬಿಟ್ಟು ಸಹಿ ಹಾಕಿದರು. ಎಲ್ಲ ಸೇರಿ ಅರ್ಧ ತಾಸೂ ಆಗಲಿಲ್ಲ.

ಜೀಪಿನ ಕಡೆ ನಡೆಯುವಾಗ ಹಿಂದಿನಿಂದ ಅವಳು ಓಡಿಬಂದಳು. ಕೇಳುತ್ತಾಳೆ ಅಂದುಕೊಂಡೆ. ಈಗಲಾದರೂ ಕೇಳಲಿ, ನನ್ನ ಅಂಗಿ ಹಿಡಿದು ಎಲ್ಲರ ಮುಂದೆ ಕೇಳಲಿ ಎಂದು ಒಳಗೊಳಗೇ ಬಯಸಿದೆನೋ ಏನೋ. ಅವಳು ಏದುಸಿರು ಬಿಡುತ್ತ, ಕಪ್ಪಾದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಳು.

"ಬೇಜಾರು ಮಾಡ್ಕಬೇಡಿ ಸರ್. ಇಲ್ಲದ್ದನ್ನ ಇದೆ ಹೇಳಿ ನಿಮ್ಗೆ ಇಷ್ಟು ದಿವ್ಸ ಸುಮ್ನೆ ತ್ರಾಸು ಕೊಟ್ಟೆ. ಆ ವಯಸ್ಸಾದವ್ರಿಗೂ ಹೇಳಿ, ನನ್ನಿಂದ ತಪ್ಪಾಯ್ತು ಹೇಳಿ."

"ಇರಲಿ ಬಿಡ್ರಿ ಅಕ್ಕಾ" ಅಂದೆ. ಹೀಗೆ ಅವಳನ್ನು ಕ್ಷಮಿಸಿ ನಾನು ಜೀಪು ಹತ್ತಿದೆ.